ಹಳೆಯ ಹೆಸರಿನಲ್ಲಿ ಹುಡುಕಿದರೆ ಬೇರೆಯವರು ಸಿಗುತ್ತಾರೆ

ಪ್ರಶ್ನೆ: ನನಗೆ 47 ವರ್ಷ. ಧಾರವಾಡದಲ್ಲಿ ಹುಟ್ಟಿ ಬೆಳೆದವಳು, ಮದುವೆಯಾಗಿ ಬಂದದ್ದು ಬೆಳಗಾವಿಗೆ. ಬಿಎಸ್ಸಿ ಎರಡನೇ ವರ್ಷದಲ್ಲಿದ್ದಾಗ ಮದುವೆಯಾಯಿತು, ಓದು ಅಲ್ಲಿಗೇ ನಿಂತಿತು. ನಮ್ಮಲ್ಲಿ ಮದುವೆಯ ದಿನ ಹುಡುಗಿಗೆ ಹೊಸ ಹೆಸರಿಡುವ ಪದ್ಧತಿ. ತಟ್ಟೆಯಲ್ಲಿ ಅಕ್ಕಿ ಹರಡಿ, ನಮ್ಮ ಮನೆಯವರು ಉಂಗುರದಿಂದ ಅದರಲ್ಲಿ ನನ್ನ ಹೊಸ ಹೆಸರು ಬರೆದರು. ನನ್ನ ಹೆಸರು, ಅದರ ಮುಂದಿನ ಅಪ್ಪನ ಹೆಸರು, ಅಡ್ಡಹೆಸರು ಮೂರೂ ಒಂದೇ ದಿನ ಬದಲಾದವು. ಆಗ ಏನೂ ಅನ್ನಿಸಲಿಲ್ಲ. ಎಲ್ಲರಿಗೂ ಆಗುವುದೇ ಅಂದುಕೊಂಡೆ. ಈಗ ಮಗಳು ಪುಣೆಯಲ್ಲಿ ಓದುತ್ತಿದ್ದಾಳೆ.

ಕಳೆದ ಶ್ರಾವಣದಲ್ಲಿ ಅವ್ವ ತೀರಿಕೊಂಡಳು. ದೀಪಾವಳಿ ಹೊತ್ತಿಗೆ ಒಂದು ರಾತ್ರಿ ನಿದ್ದೆ ಬಾರದೆ ಮೊಬೈಲಿನಲ್ಲಿ ನನ್ನ ಹಳೆಯ ಹೆಸರು, ಅಡ್ಡಹೆಸರು ಹಾಕಿ ಹುಡುಕಿದೆ. ನಾನು ಎಲ್ಲಿಯೂ ಸಿಗಲಿಲ್ಲ. ಬೇರೆ ಐದು ಜನ ಸಿಕ್ಕರು. ಒಬ್ಬರು ಅಮೆರಿಕದಲ್ಲಿ ಕನ್ನಡ ಕೂಟದ ವೇದಿಕೆಯ ಮೇಲೆ ಹಾಡುತ್ತಾರೆ. ಒಬ್ಬಳಿಗೆ ಇಪ್ಪತ್ತೂ ಆಗಿರಲಿಕ್ಕಿಲ್ಲ, ಸೀರೆ ಉಡುವ ವಿಡಿಯೊ ಮಾಡಿ ಹಾಕುತ್ತಾಳೆ. ಇನ್ನೊಬ್ಬರ ಹೆಸರು ಬ್ಯಾಂಕಿನವರ ಮನೆ ಹರಾಜಿನ ನೋಟಿಸಿನಲ್ಲಿ, ಸಾಲಗಾರರು ಎಂದು. ಒಬ್ಬರದು ಶ್ರದ್ಧಾಂಜಲಿ, ಹಾರ ಹಾಕಿದ ಫೋಟೊ. ಅದನ್ನು ನೋಡಿ ಎದೆ ಝಲ್ಲೆಂದಿತು. ಮತ್ತೊಬ್ಬರು ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರು, ಪಿಎಚ್.ಡಿ. ಆಗಿದೆ. ನಾನು ಓದಬೇಕು ಅಂದುಕೊಂಡದ್ದು ಅದನ್ನೇ.

ಈಗ ದಿನಾ ರಾತ್ರಿ ಆ ಪ್ರಾಧ್ಯಾಪಕರ ಫೇಸ್‌ಬುಕ್ ನೋಡುತ್ತೇನೆ. ಅವರ ಮಗನ ಹುಟ್ಟುಹಬ್ಬ ಯಾವಾಗ, ತಾರಸಿಯ ಯಾವ ಕುಂಡದಲ್ಲಿ ಯಾವ ಗಿಡ ಚಿಗುರಿತು, ಬ್ರಹ್ಮಕಮಲ ಯಾವ ರಾತ್ರಿ ಅರಳಿತು, ಎಲ್ಲ ಗೊತ್ತು. ಅವರಿಗೊಂದು ಮೆಸೇಜು ಬರೆದಿಟ್ಟಿದ್ದೇನೆ, ಕಳಿಸಿಲ್ಲ. ಮನೆಯವರಿಗೆ ಹೇಳಿದರೆ ನಕ್ಕು, ‘ಈ ವಯಸ್ಸಿನಾಗ ಹಳೇ ಹೆಸರು ತಗೊಂಡು ಏನ್ ಮಾಡ್ತೀ?’ ಅಂದರು. ಅವರು ಕೆಟ್ಟವರಲ್ಲ. ಆದರೆ ನಾನು ಬದುಕಬೇಕಾಗಿದ್ದ ಬದುಕನ್ನು ಬೇರೆ ಯಾರೋ ಬದುಕುತ್ತಿದ್ದಾರೆ ಅನ್ನಿಸುತ್ತದೆ. ಇದು ಹೊಟ್ಟೆಕಿಚ್ಚೋ, ಹುಚ್ಚೋ? ಹಳೆಯ ಹೆಸರು ವಾಪಸ್ ಪಡೆಯಬಹುದೇ? ಮೆಸೇಜು ಕಳಿಸಲೇ?

(ಹೆಸರು ಬೇಡ, ಬೆಳಗಾವಿ)

ಉತ್ತರ: ಪತ್ರದ ಕೊನೆಗೆ ಈಗಿನ ಹೆಸರು ಬರೆದು, ಪಕ್ಕದಲ್ಲೇ ಕಂಸದೊಳಗೆ ಹಳೆಯ ಹೆಸರನ್ನೂ ಬರೆದಿದ್ದೀರಿ. ನಿಮ್ಮ ಕೋರಿಕೆಯಂತೆ ಎರಡನ್ನೂ ಅಚ್ಚು ಹಾಕಿಲ್ಲ. ಆದರೆ ಎರಡನ್ನೂ ಓದಿದ್ದೇನೆ.

ನಿಮ್ಮನ್ನು ಹೆಚ್ಚು ಹೆದರಿಸಿರುವ ಮಾತಿಗೆ ಮೊದಲು ಬರುತ್ತೇನೆ. ಇದು ಹುಚ್ಚಲ್ಲ. ನಿದ್ದೆ ಬಾರದ ರಾತ್ರಿ ತಮ್ಮ ಹೆಸರನ್ನು ತಾವೇ ಹುಡುಕಿ ನೋಡುವವರು ಬೇಕಾದಷ್ಟು ಮಂದಿ ಇದ್ದಾರೆ, ಹೇಳಿಕೊಳ್ಳುವವರು ಕಡಿಮೆ ಅಷ್ಟೇ. ಹೊಟ್ಟೆಕಿಚ್ಚು? ಒಂದಿಷ್ಟು ಇದ್ದೀತು. ಇದ್ದರೆ ಇರಲಿ. ಆ ಪ್ರಾಧ್ಯಾಪಕರಿಗೆ ಕೆಟ್ಟದಾಗಲಿ ಎಂಬ ಧ್ವನಿ ನಿಮ್ಮ ಪತ್ರದಲ್ಲಿ ಎಲ್ಲಿಯೂ ಇಲ್ಲ. ಅವರ ಮನೆಯ ಬ್ರಹ್ಮಕಮಲ ಅರಳಿದ್ದನ್ನು ಬರೆಯುವಾಗ ನಿಮಗೆ ಖುಷಿಯೇ ಆಗಿದೆ. ಹೊಟ್ಟೆ ಉರಿಯುವವರು ಹೂವಿನ ಲೆಕ್ಕ ಇಡುವುದಿಲ್ಲ.

ನಮ್ಮ ಹೆಸರಿಗೆ ನಮ್ಮನ್ನು ಎಳೆಯುವ ಶಕ್ತಿ ಬಹಳ. 1959ರಲ್ಲಿ ನೆವಿಲ್ ಮೊರೇ ಎಂಬ ಮನೋವಿಜ್ಞಾನಿ ಒಂದು ಪ್ರಯೋಗ ಮಾಡಿದರು. ಎರಡು ಕಿವಿಗೂ ಬೇರೆ ಬೇರೆ ಮಾತು ಕೇಳಿಸಿ, ಒಂದು ಕಿವಿಯದ್ದನ್ನು ಮಾತ್ರ ಗಮನವಿಟ್ಟು ಕೇಳಿ ಎಂದರು. ಇನ್ನೊಂದು ಕಿವಿಯಲ್ಲಿ ಅವೇ ಪದಗಳನ್ನು ಮತ್ತೆ ಮತ್ತೆ ಹೇಳಿದರೂ ಕೇಳಿದವರಿಗೆ ನೆನಪುಳಿಯಲಿಲ್ಲ. ಅದೇ ಕಿವಿಯಲ್ಲಿ ಅವರ ಸ್ವಂತ ಹೆಸರು ಬಂದಾಗ ಮಾತ್ರ ಸುಮಾರು ಮೂರರಲ್ಲಿ ಒಬ್ಬರು ಅದನ್ನು ಗುರುತಿಸಿದರು. ಮಂಗಲ ಕಾರ್ಯಾಲಯದ ಗದ್ದಲದಲ್ಲಿ ಯಾರೋ ಯಾರನ್ನೋ ಕರೆದಾಗ ಆ ಹೆಸರಿನ ನಾಲ್ವರು ತಿರುಗಿ ನೋಡುತ್ತಾರಲ್ಲ, ಅದೇ ಇದು. ನೀವೂ ತಿರುಗಿ ನೋಡಿದಿರಿ.

ತಿರುಗಿ ನೋಡಿದವರು ಅಲ್ಲೇ ನಿಂತುಬಿಟ್ಟದ್ದೇಕೆ ಎಂಬುದು ಮುಂದಿನ ಪ್ರಶ್ನೆ. ಲಿಯೊನ್ ಫೆಸ್ಟಿಂಜರ್ ಎಂಬ ಇನ್ನೊಬ್ಬ ಮನೋವಿಜ್ಞಾನಿ 1954ರಲ್ಲೇ ಹೇಳಿದ ಹಾಗೆ, ನಾವು ನಮ್ಮನ್ನು ಹೋಲಿಸಿಕೊಳ್ಳುವುದು ತೀರಾ ದೂರದವರೊಂದಿಗಲ್ಲ, ನಮ್ಮಂತೆಯೇ ಇದ್ದಾರೆ ಅನ್ನಿಸುವವರೊಂದಿಗೆ. ಯಾವುದೋ ಚಿತ್ರನಟಿಯನ್ನು ನೋಡಿ ನಿಮಗೆ ನಿದ್ದೆ ಕೆಡುವುದಿಲ್ಲ. ಆದರೆ ಅದೇ ಹೆಸರು, ಅದೇ ಅಡ್ಡಹೆಸರು, ಅದೇ ಸಸ್ಯಶಾಸ್ತ್ರ ಎಂದಾಗ ನಿಮ್ಮ ಮನಸ್ಸು ಅವರನ್ನು ನಿಮ್ಮ ಪಕ್ಕದ ಬೆಂಚಿನಲ್ಲಿ ಕೂರಿಸಿಬಿಟ್ಟಿತು. ‘ಅವರಿಗೂ ಅವರದೇ ಕಷ್ಟಗಳಿರುತ್ತವೆ ಬಿಡಿ’ ಎಂಬ ಸಮಾಧಾನವನ್ನು ನಾನು ಹೇಳುವುದಿಲ್ಲ. ಅವರು ಸುಖವಾಗಿಯೇ ಇರಬಹುದು, ಇರಲಿ. ನಾನು ಹೇಳುವುದು ಇಷ್ಟೇ: ಆ ಬದುಕು ನಿಮ್ಮ ಕೈತಪ್ಪಿ ಅವರ ಕೈಗೆ ಹೋದದ್ದಲ್ಲ. ನಿಮ್ಮ ಬಿಎಸ್ಸಿ ನಿಂತ ದಿನ ಅವರಿಗೆ ಏನೂ ಸಿಗಲಿಲ್ಲ. ನಿಮಗೆ ನಷ್ಟವಾದದ್ದು ನಿಜ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆ ನಷ್ಟದ ಲೆಕ್ಕ ಅವರ ಗೋಡೆಯ ಮೇಲೆ ಇಲ್ಲ.

‘ನಾನು ಎಲ್ಲಿಯೂ ಸಿಗಲಿಲ್ಲ’ ಎಂಬ ಮಾತಿನ ಕೆಳಗೆ ಗೆರೆ ಎಳೆದಿದ್ದೀರಿ. ಸಿಕ್ಕವರು ಯಾರು ಎಂದು ಒಮ್ಮೆ ನೋಡಿ: ನೇಮಕವಾದವರು, ವೇದಿಕೆ ಹತ್ತಿದವರು, ತಾವೇ ವಿಡಿಯೊ ಹಾಕಿಕೊಂಡವರು, ಸಾಲ ತೀರಿಸಲಾಗದವರು, ತೀರಿಹೋದವರು. ಯಾರಾದರೂ ಒಂದು ಕಾರಣಕ್ಕೆ ಬರೆದು ಹಾಕಿದ್ದಷ್ಟೇ ಅಲ್ಲಿ ಸಿಗುವುದು. ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಬಂದದ್ದು 1995ರಲ್ಲಿ. ಅದು ಮನೆಮನೆಗೆ ತಲುಪುವಷ್ಟರಲ್ಲಿ ನಿಮ್ಮ ಹೆಸರು ಬದಲಾಗಿ ವರ್ಷಗಳೇ ಆಗಿದ್ದವು. ಧಾರವಾಡದ ಆ ಹುಡುಗಿ ಇದ್ದಳು, ಅವಳಿದ್ದ ಕಾಲದಲ್ಲಿ ಅವಳನ್ನು ದಾಖಲು ಮಾಡುವ ಈ ಯಂತ್ರ ಇರಲಿಲ್ಲ. ಅವಳ ಹೆಸರು ಸಿಗುವ ಜಾಗ ಬೇರೆ: ನಿಮ್ಮ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಶಾಲೆಯ ಹಾಜರಿ ಪುಸ್ತಕ, ತವರಿನವರ ಬಾಯಿ.

ಬಾಯಿ ಎಂದಾಗ ನೆನಪಾಯಿತು. ನಿಮ್ಮ ಪತ್ರವನ್ನು ಮತ್ತೆ ಓದುವಾಗ ಒಂದು ವಾಕ್ಯದ ಹತ್ತಿರ ನಿಂತೆ. ‘ಕಳೆದ ಶ್ರಾವಣದಲ್ಲಿ ಅವ್ವ ತೀರಿಕೊಂಡಳು.’ ನಾಲ್ಕೇ ಪದ. ಅಪರಿಚಿತರೊಬ್ಬರ ತಾರಸಿಗೆ ನೀವು ಅದಕ್ಕಿಂತ ಹೆಚ್ಚು ಜಾಗ ಕೊಟ್ಟಿದ್ದೀರಿ. ಮದುವೆಯಾಗಿ ಕಾಲು ಶತಮಾನ ಕಳೆದರೂ ಕಾಡದ ಹೆಸರು, ಅವ್ವ ಹೋದ ಎರಡು ಮೂರು ತಿಂಗಳಿಗೆ ನಿದ್ದೆ ಕೆಡಿಸಿತು. ನಿಮ್ಮನ್ನು ಆ ಹೆಸರಿನಿಂದ ಕರೆಯುತ್ತಿದ್ದವರು ಯಾರು? ಅತ್ತೆಮನೆಯಲ್ಲಿ ಹೊಸ ಹೆಸರು, ಮಗಳಿಗೆ ಅಮ್ಮ, ಓಣಿಯವರಿಗೆ ಇಂಥವರ ಹೆಂಡತಿ, ಬ್ಯಾಂಕಿನಲ್ಲಿ ಮೇಡಂ. ಫೋನೆತ್ತಿದ ಕೂಡಲೇ ಹಳೆಯ ಹೆಸರನ್ನು, ಬಹುಶಃ ಅದನ್ನೂ ಅರ್ಧಕ್ಕೆ ಮೊಟಕು ಮಾಡಿ, ಕರೆಯುತ್ತಿದ್ದವಳು ಅವ್ವ. ಆ ಕರೆ ನಿಂತಿತು. ನೀವು ಮೊಬೈಲಿನಲ್ಲಿ ಹುಡುಕಿದ್ದು ನಿಮ್ಮನ್ನೋ, ಆ ಹೆಸರನ್ನು ಕರೆಯುವವರನ್ನೋ? ನನ್ನ ಊಹೆ ತಪ್ಪಿದ್ದರೆ ಪಕ್ಕಕ್ಕಿಡಿ. ಸರಿಯಿದ್ದರೆ, ನಿಮಗೆ ಆಗುತ್ತಿರುವುದಕ್ಕೆ ಹೊಟ್ಟೆಕಿಚ್ಚು ಎಂದು ಹೆಸರಿಡಬೇಡಿ. ಇದು ದುಃಖ, ತಡವಾಗಿ ಬಂದ ದುಃಖ. ಅಂತ್ಯಕ್ರಿಯೆ, ಹದಿಮೂರು ದಿನದ ಓಡಾಟ, ಬಂದವರ ಊಟ ತಿಂಡಿಯ ನಡುವೆ ಹೆಣ್ಣುಮಕ್ಕಳಿಗೆ ಅಳಲು ಪುರಸೊತ್ತು ಸಿಗುವುದಿಲ್ಲ. ಅದು ಆಮೇಲೆ ಯಾವುದೋ ವೇಷದಲ್ಲಿ ಬರುತ್ತದೆ.

ಇದೇ ಕಾರಣಕ್ಕೆ ನಿಮ್ಮ ಮನೆಯವರ ಬಗ್ಗೆಯೂ ಒಂದು ಮಾತು. ಅಕ್ಕಿಯಲ್ಲಿ ಆ ಹೊಸ ಹೆಸರು ಬರೆದ ಕೈ ಅವರದೇ. ‘ನನಗೆ ಹಳೆಯ ಹೆಸರು ಬೇಕು’ ಎಂದು ನೀವು ಹೇಳಿದ್ದು ಅವರ ಕಿವಿಗೆ ‘ನೀವು ಕೊಟ್ಟದ್ದು ಬೇಡ’ ಎಂದು ಬಿದ್ದಿರಬಹುದು. ನಗು ಅದನ್ನು ಮುಚ್ಚಿಕೊಳ್ಳುವ ಒಂದು ರೀತಿ. ಇನ್ನೊಮ್ಮೆ, ಊಟವಾದ ಮೇಲೆ, ಟಿವಿ ಆರಿಸಿ, ಹೆಸರಿನ ವಿಷಯ ಎತ್ತದೆ ಅವ್ವನ ವಿಷಯ ಎತ್ತಿ. ‘ಅವ್ವ ಹೋದ ಮೇಲೆ ನನ್ನನ್ನು ಹಾಗೆ ಕರೆಯುವವರು ಯಾರೂ ಇಲ್ಲ’ ಎಂದು ಹೇಳಿ ನೋಡಿ. ಆ ಮಾತಿಗೆ ಯಾರೂ ನಗುವುದಿಲ್ಲ.

ಹೊಸ ಹೆಸರು ಸುಳ್ಳು, ಹಳೆಯದೇ ನಿಜ ಎಂಬ ಭಾವವೂ ಪತ್ರದಲ್ಲಿ ಅಲ್ಲಲ್ಲಿ ಇಣುಕುತ್ತದೆ. ನಮ್ಮ ರಾಜ್‌ಕುಮಾರ್ ಹುಟ್ಟಿದ್ದು ಮುತ್ತುರಾಜನಾಗಿ. 1954ರ ‘ಬೇಡರ ಕಣ್ಣಪ್ಪ’ದಿಂದ ರಾಜ್‌ಕುಮಾರ್ ಆದರು. ಅದೇ ಕಾಲದ ಹಿಂದಿ ನಟ ರಾಜ್‌ಕುಮಾರ್ ಹುಟ್ಟಿದ್ದು ಕುಲಭೂಷಣ್ ಪಂಡಿತ್ ಆಗಿ. ಹುಟ್ಟುಹೆಸರು ಬಿಟ್ಟ ಇಬ್ಬರು ಒಂದೇ ಹೆಸರಿಗೆ ಬಂದು ನಿಂತರು, ಆದರೂ ಒಬ್ಬರ ಬದುಕು ಇನ್ನೊಬ್ಬರ ಬದುಕಿನಂತೆ ಆಗಲಿಲ್ಲ. ಮಧ್ಯದಲ್ಲಿ ಬಂದ ಹೆಸರನ್ನೂ ಬದುಕಿ ಬದುಕಿ ಸ್ವಂತ ಮಾಡಿಕೊಳ್ಳಬಹುದು. ಒಂದು ವ್ಯತ್ಯಾಸವನ್ನು ಮಾತ್ರ ಮರೆಯಲಾರೆ: ಅವರ ಹೆಸರು ಬದಲಾದದ್ದು ಅವರ ಕಸುಬಿಗಾಗಿ. ನಿಮ್ಮದು ನಿಮ್ಮನ್ನು ಕೇಳದೆ ಬದಲಾಯಿತು. ಆ ಬಗ್ಗೆ ನಿಮಗೆ ಸಿಟ್ಟು ಬಂದರೆ ಅದು ನ್ಯಾಯವಾದ ಸಿಟ್ಟು, ಯಾರೂ ಕೆಟ್ಟವರಲ್ಲದಿದ್ದರೂ.

ನಿಮ್ಮಂತೆಯೇ ಹೆಸರಿನ ಬೆನ್ನು ಹತ್ತಿದವರೊಬ್ಬರ ಕಥೆ ಹೇಳಬೇಕು. ಗ್ರೇಸ್ ಲೀ ಎಂಬ ಕೊರಿಯನ್ ಮೂಲದ ಅಮೆರಿಕನ್ ಚಿತ್ರನಿರ್ದೇಶಕಿ. ಏಷ್ಯಾ ಮೂಲದ ಹೆಣ್ಣುಮಕ್ಕಳಲ್ಲಿ ಆ ಹೆಸರು ಅಲ್ಲಿ ಎಷ್ಟು ಸಾಮಾನ್ಯವೆಂದರೆ, ಹೋದಲ್ಲೆಲ್ಲ ಜನ ‘ನನಗೂ ಒಬ್ಬ ಗ್ರೇಸ್ ಲೀ ಗೊತ್ತು, ಬಹಳ ಜಾಣೆ, ಮೆತ್ತಗಿನವಳು’ ಎನ್ನುತ್ತಿದ್ದರಂತೆ. ಆ ಎಲ್ಲ ಆದರ್ಶ ಗ್ರೇಸ್ ಲೀಗಳ ಮುಂದೆ ತಾನು ಏನೂ ಅಲ್ಲ ಅನ್ನಿಸಿ, ಆಕೆ ಕ್ಯಾಮೆರಾ ಹಿಡಿದು ಅದೇ ಹೆಸರಿನವರನ್ನು ಹುಡುಕಿಕೊಂಡು ಹೊರಟರು. 2005ರಲ್ಲಿ ಅದು ‘ದಿ ಗ್ರೇಸ್ ಲೀ ಪ್ರಾಜೆಕ್ಟ್’ ಎಂಬ ಸಾಕ್ಷ್ಯಚಿತ್ರವಾಯಿತು. ಹತ್ತಿರ ಹೋಗಿ ನೋಡಿದರೆ ಒಬ್ಬೊಬ್ಬರದೂ ಬೇರೆಯೇ ಬದುಕು. ಅವರಲ್ಲಿ ಒಬ್ಬರು ಡೆಟ್ರಾಯಿಟ್ ನಗರದ ಗ್ರೇಸ್ ಲೀ ಬಾಗ್ಸ್. ಎಂಬತ್ತು ದಾಟಿದ್ದರು, ಚೀನೀ ವಲಸಿಗರ ಮಗಳು, 1940ರಲ್ಲೇ ತತ್ತ್ವಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು, ಕರಿಯರ ಹಕ್ಕುಗಳಿಗಾಗಿ ದಶಕಗಟ್ಟಲೆ ದುಡಿದವರು. ನಿರ್ದೇಶಕಿಗೂ ಅವರಿಗೂ ಒಡನಾಟ ಬೆಳೆದು, 2013ರಲ್ಲಿ ಆ ಹಿರಿಯರ ಬಗ್ಗೆಯೇ ಇನ್ನೊಂದು ಪೂರ್ಣ ಚಿತ್ರ ಬಂತು. ನಿಮ್ಮ ಗಮನಕ್ಕೆ ಒಂದು ಸಣ್ಣ ವಿಷಯ: ಅವರ ಹೆಸರಿನ ‘ಲೀ’ ತವರಿನದು, ‘ಬಾಗ್ಸ್’ ಗಂಡನ ಮನೆಯದು. ಎರಡನ್ನೂ ಒಟ್ಟಿಗೇ ಇಟ್ಟುಕೊಂಡು ನೂರು ವರ್ಷ ಬದುಕಿದರು.

ಈಗ ಏನು ಮಾಡುವುದು ಎಂಬ ಮಾತು. ರಾತ್ರಿ ಆ ಪುಟ ನೋಡುವುದನ್ನು ನಿಲ್ಲಿಸಿ. ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತಿದ್ದೇನೆ. ಅವರಿಗೆ ಗೊತ್ತಿಲ್ಲದೆ ಅವರ ಮನೆಯ ದಿನಚರಿ ನಿಮಗೆ ಬಾಯಿಪಾಠವಾಗುವುದು ಅವರಿಗೂ ನ್ಯಾಯವಲ್ಲ, ನಿಮಗೂ ಒಳ್ಳೆಯದಲ್ಲ. ಮೊಬೈಲನ್ನು ಮಲಗುವ ಕೋಣೆಯ ಹೊರಗೆ ಚಾರ್ಜಿಗೆ ಹಾಕಿ. ನೋಡಲೇಬೇಕು ಅನ್ನಿಸಿದರೆ ಹಗಲು ನೋಡಿ. ಹಗಲಿನಲ್ಲಿ ಅದು ಒಬ್ಬ ಪ್ರಾಧ್ಯಾಪಕರ ಫೇಸ್‌ಬುಕ್ ಪುಟ ಮಾತ್ರ.

ಅವ್ವನ ಮೊದಲ ವರ್ಷದ ಶ್ರಾದ್ಧ ಹತ್ತಿರ ಬರುತ್ತಿದೆ. ಆ ದಿನಗಳಲ್ಲಿ ಸಂಕಟ ಹೆಚ್ಚಾಗುವುದು ಸಹಜ, ಗಾಬರಿಯಾಗಬೇಡಿ. ತವರಿಗೆ ಹೋದಾಗ ಅಲ್ಲಿ ನಿಮಗೆ ಹತ್ತಿರದವರೊಬ್ಬರನ್ನು ನೇರವಾಗಿ ಕೇಳಿ: ‘ಇನ್ನು ಮೇಲೆ ವಾರಕ್ಕೊಮ್ಮೆ ಫೋನ್ ಮಾಡು, ಹಳೇ ಹೆಸರಿನಿಂದಲೇ ಕರಿ.’ ಕೇಳಲು ಸಂಕೋಚವಾಗುತ್ತದೆ, ಆದರೂ ಕೇಳಿ. ಹೈಸ್ಕೂಲಿನ ಗೆಳತಿಯರ ವಾಟ್ಸ್‌ಆ್ಯಪ್ ಗುಂಪು ಇದ್ದರೆ ಸೇರಿಕೊಳ್ಳಿ. ಅಲ್ಲಿ ನಿಮ್ಮ ಹೊಸ ಹೆಸರು ಯಾರಿಗೂ ಗೊತ್ತೇ ಇರುವುದಿಲ್ಲ.

ಸಸ್ಯಶಾಸ್ತ್ರದ ವಿಷಯದಲ್ಲಿ ನೀವೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ನಿಮಗೆ ಬೇಕಾದದ್ದು ಪದವಿಯೋ, ಗಿಡಮರಗಳೋ? ಪದವಿಯೇ ಆದರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಇವೆ. ವಯಸ್ಸಾಯಿತೆಂದು ಬಾಗಿಲು ಹಾಕುವ ಜಾಗಗಳಲ್ಲ ಅವು. ಇಂಥ ಅರ್ಜಿಗಳಲ್ಲಿ ಸಾಮಾನ್ಯವಾಗಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವ ಹೆಸರನ್ನೇ ಕೇಳುತ್ತಾರೆ. ಅಂದರೆ ಓದಿನ ಲೋಕದಲ್ಲಿ ನೀವಿನ್ನೂ ಹಳೆಯ ಹೆಸರಿನವರೇ. ಗಿಡಮರಗಳೇ ಆದರೆ ಅಷ್ಟು ದೂರವೂ ಹೋಗಬೇಕಿಲ್ಲ. ಸೀಸನ್‌ವಾಚ್ ಎಂಬ ಕಾರ್ಯಕ್ರಮವಿದೆ. ಮನೆಯ ಹತ್ತಿರದ ಒಂದು ಮರವನ್ನು ಆರಿಸಿಕೊಂಡು ವಾರಕ್ಕೊಮ್ಮೆ ಚಿಗುರು, ಎಲೆ, ಹೂ, ಕಾಯಿ ಎಷ್ಟಿದೆ ಎಂದು ನೋಡಿ ಬರೆಯುವುದು, ಅಷ್ಟೇ ಕೆಲಸ. ದೇಶದ ನೂರಾರು ಕಡೆಯಿಂದ ಹೀಗೆ ಬಂದ ಮಾಹಿತಿಯಿಂದ ಮರಗಳು ಹೂಬಿಡುವ ಕಾಲ ಹೇಗೆ ಬದಲಾಗುತ್ತಿದೆ ಎಂದು ವಿಜ್ಞಾನಿಗಳು ಅಭ್ಯಾಸ ಮಾಡುತ್ತಾರೆ. ಇನ್ನೊಬ್ಬರ ಕುಂಡವನ್ನು ಇಷ್ಟು ನಿಖರವಾಗಿ ಗಮನಿಸಿದ ನಿಮಗೆ ಬೀದಿಯ ಹೊಂಗೆಯನ್ನೋ ಹುಣಸೆಯನ್ನೋ ಗಮನಿಸುವುದು ಕಷ್ಟವಲ್ಲ.

ಹಳೆಯ ಹೆಸರು ವಾಪಸ್ ಪಡೆಯಬಹುದೇ ಎಂದು ಕೇಳಿದ್ದೀರಿ. ಪಡೆಯಬಹುದು. ಮದುವೆಯಾದ ಮೇಲೆ ಹೆಂಡತಿ ಹೆಸರನ್ನೋ ಅಡ್ಡಹೆಸರನ್ನೋ ಬದಲಿಸಲೇಬೇಕು ಎಂಬ ಕಾನೂನು ನಮ್ಮ ದೇಶದಲ್ಲಿ ಇಲ್ಲ. ಮದುವೆಗೆ ನಿಂತ ಹೆಣ್ಣುಮಕ್ಕಳು, ಅವರ ತಂದೆತಾಯಿ ಇದನ್ನು ತಿಳಿದಿರಬೇಕು. ಬದಲಿಸಿಕೊಂಡವರು ಅಫಿಡವಿಟ್ ಮಾಡಿಸಿ, ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಗೆಜೆಟ್‌ನಲ್ಲಿ ಬಂದ ಮೇಲೆ ಆಧಾರ್, ಪ್ಯಾನ್, ಬ್ಯಾಂಕ್ ಖಾತೆಗಳನ್ನು ಒಂದೊಂದಾಗಿ ತಿದ್ದಿಸಬಹುದು. ಆದರೆ ಆಧಾರ್‌ನಲ್ಲಿ ಹೆಸರು ತಿದ್ದಿಸಲು ಎರಡೇ ಸಲ ಅವಕಾಶ. ಮಗಳ ದಾಖಲೆಗಳಲ್ಲಿ ತಾಯಿಯ ಹೆಸರೂ ಇರುತ್ತದೆ. ಹಾಗಾಗಿ ದುಃಖದ ಮೊದಲ ವರ್ಷದಲ್ಲಿ ಕೈಹಾಕುವ ಕೆಲಸ ಇದಲ್ಲ. ಇನ್ನೊಂದು ಆರು ತಿಂಗಳು ಕಳೆದ ಮೇಲೂ ಬೇಕು ಅನ್ನಿಸಿದರೆ ವಕೀಲರೊಬ್ಬರನ್ನು ಕಂಡು, ಮಗಳನ್ನೂ ಕೂರಿಸಿಕೊಂಡು ಮಾತಾಡಿ. ನನ್ನ ಕೇಳಿದರೆ, ದಾಖಲೆ ಹಾಗೇ ಇರಲಿ. ಪುಸ್ತಕದ ಮೊದಲ ಪುಟದಲ್ಲಿ, ಮರ ನೋಡುವ ನೋಟ್‌ಬುಕ್ಕಿನ ಮೇಲೆ ಹಳೆಯ ಹೆಸರು ಬರೆಯಲು ಯಾರ ಸಹಿಯೂ ಬೇಡ.

ಇದನ್ನು ಓದುತ್ತಿರುವ ಕೆಲವರಿಗೆ ತಮ್ಮ ಹೆಸರಿನವರಿಂದ ಆಗುವ ಕಷ್ಟ ಬೇರೆ ಥರದ್ದು. ಯಾರದೋ ಸಾಲಕ್ಕೆ ವಸೂಲಿಯವರು ಇವರಿಗೆ ಫೋನ್ ಮಾಡುತ್ತಾರೆ, ಯಾರದೋ ಪೊಲೀಸ್ ಕೇಸಿನ ಸುದ್ದಿ ನೋಡಿ ನೆಂಟರು ಹುಬ್ಬೇರಿಸುತ್ತಾರೆ. ನಾಚಿಕೆಪಟ್ಟು ಸುಮ್ಮನಿರಬೇಡಿ. ಸಾಲದ ವಿವರ ದಾಖಲಿಸುವ ಪ್ರತಿ ಸಂಸ್ಥೆಯಿಂದಲೂ ವರ್ಷಕ್ಕೊಮ್ಮೆ ನಿಮ್ಮ ಪೂರ್ಣ ವರದಿಯನ್ನು ಪುಕ್ಕಟೆ ಪಡೆಯಬಹುದು. ಬೇರೆಯವರ ಸಾಲ ನಿಮ್ಮ ಲೆಕ್ಕಕ್ಕೆ ಸೇರಿದ್ದರೆ ಬರಹದಲ್ಲಿ ತಕರಾರು ಕೊಡಿ. ಯಾರಾದರೂ ನಿಮ್ಮ ಹೆಸರು, ಫೋಟೊ ಬಳಸಿ ಹಣದ ಮೋಸ ಮಾಡುತ್ತಿದ್ದರೆ ಅದು ಹೆಸರಿನ ಕಾಕತಾಳೀಯವಲ್ಲ, ಅಪರಾಧ. 1930ಕ್ಕೆ ಕರೆ ಮಾಡಿ.

ಮತ್ತೆ ನಿಮ್ಮ ಕಡೆಗೆ. ನಿದ್ದೆ ವಾರಗಟ್ಟಲೆ ಕೆಟ್ಟರೆ, ಊಟ ಸೇರದಿದ್ದರೆ, ಮನೆಗೆಲಸಕ್ಕೂ ಏಳಲು ಮನಸ್ಸಾಗದಿದ್ದರೆ, ಅಥವಾ ಆ ಶ್ರದ್ಧಾಂಜಲಿಯ ಫೋಟೊದಲ್ಲಿ ನಾನೇ ಇರಬಾರದಿತ್ತೇ ಎಂಬಂಥ ಯೋಚನೆ ಒಮ್ಮೆ ಬಂದರೂ, ಒಬ್ಬರೇ ಹೊರಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲೂ ಮನೋವೈದ್ಯರು ಸಿಗುತ್ತಾರೆ. ಅಲ್ಲಿಗೆ ಹೋಗುವಾಗ ಮನೆಯವರನ್ನೂ ಕರೆದುಕೊಂಡು ಹೋಗಿ.

ಇನ್ನು ಆ ಮೆಸೇಜು. ಬರೆದಿಟ್ಟದ್ದನ್ನು ನನಗೆ ಕಳಿಸಿಲ್ಲ, ಆದರೆ ನಡುರಾತ್ರಿ ಬರೆದದ್ದಾದರೆ ಉದ್ದವಾಗಿರುತ್ತದೆ, ಅದರಲ್ಲಿ ‘ನೀವು ನಾನೇ’ ಎಂಬಂಥ ಮಾತೂ ಇರಬಹುದು. ಅದನ್ನು ಅಳಿಸಿಬಿಡಿ. ಓದಿದವರಿಗೆ ಭಯವಾಗುತ್ತದೆ. ಶ್ರಾದ್ಧ ಮುಗಿದ ಮೇಲೆ, ಒಂದು ಮಧ್ಯಾಹ್ನ, ಮೂರು ನಾಲ್ಕು ಸಾಲು ಬರೆಯಿರಿ: ನಿಮ್ಮ ತವರಿನ ಹೆಸರೂ ಅವರದೇ ಹೆಸರು, ನೀವೂ ಒಂದು ಕಾಲದಲ್ಲಿ ಸಸ್ಯಶಾಸ್ತ್ರ ಓದಬೇಕೆಂದಿದ್ದಿರಿ, ಅವರ ತೋಟದ ಫೋಟೊ ಇಷ್ಟವಾಯಿತು, ಬೇಕಾದರೆ ಒಂದು ಮರದ ಬಗ್ಗೆ ನಿಮಗಿರುವ ಪ್ರಶ್ನೆ. ಮಗನ ಹುಟ್ಟುಹಬ್ಬದ ಸುದ್ದಿ ಎತ್ತಬೇಡಿ. ಒಮ್ಮೆ ಮಾತ್ರ ಕಳಿಸಿ. ಉತ್ತರ ಬಂದರೆ ಸಂತೋಷ. ಬರದಿದ್ದರೆ ಬೇಜಾರಾಗಬೇಡಿ: ಗೆಳೆಯರ ಪಟ್ಟಿಯಲ್ಲಿ ಇಲ್ಲದವರ ಮೆಸೇಜು ಫೇಸ್‌ಬುಕ್‌ನಲ್ಲಿ ಬೇರೆಯದೇ ಒಂದು ಜಾಗಕ್ಕೆ ಹೋಗಿ ಕೂರುತ್ತದೆ. ಬಹಳ ಜನ ಅದನ್ನು ತಿಂಗಳುಗಟ್ಟಲೆ ತೆರೆದೇ ನೋಡುವುದಿಲ್ಲ.